ಒಂದೂವರೆಯ ನಿದ್ದೆ

ಮೊಳಕಾಲ್ಮೂರಿನ ಚಿತ್ತಾರ ರೇಷ್ಮೆ ನೇಕಾರರ ಸಂಘದ ಗುಮಾಸ್ತ ಮರುಳಪ್ಪನವರಿಗೆ ಈ ಲೋಕದಲ್ಲಿ ಗೊತ್ತಿಲ್ಲದ ವಿಷಯ ಎಂಬುದೇ ಇರಲಿಲ್ಲ. ಗೊತ್ತಿಲ್ಲದ್ದು ಅಪ್ಪಿತಪ್ಪಿ ಎದುರಿಗೆ ಬಂದರೆ ಅವರು ಕನ್ನಡಕ ತೆಗೆದು, ಪಂಚೆಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅದೂ ಗೊತ್ತಿರುವ ವಿಷಯವೇ ಆಗಿಬಿಡುತ್ತಿತ್ತು.

ಹಾಗಾಗಿ ಎರಡು ಸಾವಿರದ ಐದನೇ ಇಸವಿಯಲ್ಲಿ ಸಂಘಕ್ಕೆ ಕಂಪ್ಯೂಟರ್ ತರುವುದೆಂದು ತೀರ್ಮಾನವಾಗಿ, ಅದನ್ನು ಕಲಿಯಲು ಯಾರು ಹೋಗುತ್ತೀರಿ ಎಂಬ ಪ್ರಶ್ನೆ ಬಂದಾಗ, ಐವತ್ತೆರಡು ವರ್ಷದ ಮರುಳಪ್ಪನವರು ಬೇರೆ ಯಾರೂ ಕೈ ಎತ್ತುವ ಮೊದಲೇ ಎದ್ದು ನಿಂತರು. ಇಪ್ಪತ್ತು ದಿನ ಬೆಳಗಿನ ಬಸ್ಸು ಹತ್ತಿ, ಹಾನಗಲ್, ಬಿ.ಜಿ.ಕೆರೆ, ತಳಕು ದಾಟಿ ಚಳ್ಳಕೆರೆಗೆ ಹೋಗಿ ಬಂದರು. ಇಪ್ಪತ್ತೊಂದನೇ ದಿನ ಅವರ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ಮನೆಯ ಗೋಡೆ ಏರಿತು. ಅವರ ಹೆಂಡತಿ ಜಗದಾಂಬ ದೇವರ ಪಟಗಳಿಗೆ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಇಡತೊಡಗಿದರು. ಮರುಳಪ್ಪನವರು ಬೇಡ ಎನ್ನಲಿಲ್ಲ.

ಕಂಪ್ಯೂಟರ್ ಬಂದದ್ದು ಒಂದು ಒಳ್ಳೆಯ ಕೆಲಸಕ್ಕೆ. ಊರಿನ ಹಿರಿಯ ನೇಕಾರ ಗಾದ್ರಪ್ಪನ ತಂದೆ ತಮ್ಮ ಜೀವಮಾನವಿಡೀ ಚೌಕುಳಿ ಕಾಗದದ ಮೇಲೆ ಸೀರೆಯ ಅಂಚುಗಳನ್ನು ಬರೆದಿಟ್ಟಿದ್ದರು. ಗಿಣಿ ಅಂಚು, ದಾಳಿಂಬೆ ಅಂಚು, ನವಿಲು ಅಂಚು ಎಂದು ಒಟ್ಟು ಮುನ್ನೂರ ನಲವತ್ತು ಹಾಳೆ. ಅಪ್ಪನ ಟ್ರಂಕಿನಿಂದ ಅವನ್ನು ಹೊರಗೆ ತೆಗೆಯಲು ಗಾದ್ರಪ್ಪ ಆರು ತಿಂಗಳು ಒಪ್ಪಿರಲಿಲ್ಲ. ಕೊನೆಗೆ ಒಪ್ಪಿ, ದಿನಕ್ಕೆ ಹತ್ತು ಹಾಳೆಯಂತೆ ತಾನೇ ಎದೆಗವಚಿಕೊಂಡು ತಂದು, ಪಕ್ಕದಲ್ಲೇ ಕೂತು, ಯಂತ್ರ ಅವುಗಳ ಚಿತ್ರ ತೆಗೆದುಕೊಂಡ ಮೇಲೆ ಮತ್ತೆ ಎದೆಗವಚಿಕೊಂಡೇ ವಾಪಸು ಒಯ್ದಿದ್ದ.

ಚಿತ್ರಗಳೆಲ್ಲ ಒಳಗೆ ಸೇರಿದ ಮೇಲೆ, ಕಂಪ್ಯೂಟರ್ ಮಾರಿದ ಚಳ್ಳಕೆರೆಯ ಅಂಗಡಿಯ ಮಲ್ಲಿಕ್ ಬಂದು ಇನ್ನೊಂದು ಏರ್ಪಾಟು ಮಾಡಿದ.

"ಒಂದೇ ಡಿಸ್ಕ್ ನಂಬ್ಕೊಂಡು ಕೂರಬಾರ್ದು ಸಾರ್," ಎಂದ. "ದಿನಾ ಮಧ್ಯಾಹ್ನ ಒಂದೂವರೆಗೆ, ನೀವು ಊಟಕ್ಕೆ ಹೋದಾಗ, ಚಿತ್ರ ಅಷ್ಟೂ ಪಕ್ಕದ ಈ ಪೆಟ್ಟಿಗೆಗೆ ತಾನೇ ನಕಲಾಗ್ತೈತೆ. ನೀವು ಏನೂ ಮಾಡ್ಬೇಡ್ರಿ. ಮುಟ್ಟಲೂ ಬೇಡ್ರಿ."

ಅವನ ಬೈಕಿನ ಹೊಗೆ ಬೀದಿಯಲ್ಲಿ ಇನ್ನೂ ಕರಗಿರಲಿಲ್ಲ. ಮರುಳಪ್ಪನವರು ಸಂಘದ ಆಯಾ ಮೂಗಮ್ಮನ ಕಡೆ ತಿರುಗಿ, "ಕೆಲಸ ಹೆಂಗೆ ತಾನಾಗೇ ನಡೀಬೇಕು ಅಂತ ಆ ಚಳ್ಳಕೆರೆಯವನಿಗೆ ನಾನೇ ಹೇಳಿಕೊಟ್ಟೆ, ನೋಡಿದ್ಯಾ?" ಎಂದರು.

ಮೂಗಮ್ಮ ನೋಡಿರಲಿಲ್ಲ. ಆದರೆ ವಾರದೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಮರುಳಪ್ಪನವರು ಮನೆಯಲ್ಲಿ ಕೂತು ಸಾರು ಕಲಸುತ್ತಿದ್ದರೂ ಅತ್ತ ಆಫೀಸಿನಲ್ಲಿ ಅವರ ಕೆಲಸ ನಡೆಯುತ್ತಿರುತ್ತದಂತೆ! ಹೋಟೆಲಿನಲ್ಲಿ ಅವರಿಗೆ ಚಹಾ ಕೊಡುವಾಗ ಲೋಟದ ಕೆಳಗೆ ಸಾಸರ್ ಬರತೊಡಗಿತು.

ತಿಂಗಳ ಕೊನೆಗೆ ಅಧ್ಯಕ್ಷರಿಗೆ ವರದಿ ಕಳಿಸಬೇಕಿತ್ತು. ನಕಲಿನ ಕೆಲಸ ಎಷ್ಟು ಸಲ ನಡೆದಿದೆ ಎಂದು ಬರೆಯಲು ಮರುಳಪ್ಪನವರು ಮೊದಲ ಬಾರಿಗೆ ಮಲ್ಲಿಕ್ ಯಂತ್ರದಲ್ಲಿ ಹಾಕಿಟ್ಟ ಕೆಲಸದ ಪಟ್ಟಿಯನ್ನು ತೆರೆದರು. ಕೊನೆಯ ಸಲ ನಡೆದದ್ದು ಯಾವಾಗ ಎಂಬಲ್ಲಿ, ಎಂದೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಅವರು ಕನ್ನಡಕ ಒರೆಸಿದರು. ಮತ್ತೆ ಓದಿದರು. ಎಂದೂ ಇಲ್ಲ.

ಬೇರೆಯವರಾಗಿದ್ದರೆ ಮಲ್ಲಿಕನಿಗೆ ಫೋನ್ ಮಾಡುತ್ತಿದ್ದರು. ಆದರೆ ತಾವೇ ಹೇಳಿಕೊಟ್ಟವನನ್ನು ತಾವೇ ಹೋಗಿ ಕೇಳುವುದು ಹೇಗೆ? ಮರುಳಪ್ಪನವರು ತಾವೇ ತನಿಖೆಗಿಳಿದರು. ಊಟ ಮುಗಿಸಿ ಬಂದಾಗಲೆಲ್ಲ ಪರದೆ ಕಪ್ಪಗಿರುತ್ತಿದ್ದದ್ದು, ಮೌಸ್ ಅಲುಗಾಡಿಸಿದರೆ ಬೆಳಗುತ್ತಿದ್ದದ್ದು ನೆನಪಾಯಿತು. ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ಕರೆಂಟ್ ಉಳಿಸಲು ಯಂತ್ರ ನಿದ್ದೆ ಹೋಗುತ್ತದೆ ಎಂದು ಚಳ್ಳಕೆರೆಯಲ್ಲಿ ಪಾಠ ಆಗಿತ್ತು. ಕಾರಣ ಸಿಕ್ಕಿಬಿಟ್ಟಿತಲ್ಲ! ಅದೇ ಉಮೇದಿನಲ್ಲಿ ಅವರು ವರದಿಗೆ ಕೂತು, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಹೀಗೆ ಬರೆದರು:

"ದಿನಂಪ್ರತಿ ಮಧ್ಯಾಹ್ನ ಒಂದೂವರೆಗೆ ಆಗಬೇಕಾದ ಕೆಲಸವು, ಆ ವೇಳೆಗೆ ಸರಿಯಾಗಿ ನಿದ್ದೆಗೆ ಜಾರುತ್ತಿರುವ ಕಾರಣ, ಕಳೆದ ಇಪ್ಪತ್ತಾರು ದಿನಗಳಿಂದ ಆಗಿರುವುದಿಲ್ಲ. ಸ್ವಲ್ಪ ಮುಟ್ಟಿ ಅಲುಗಾಡಿಸಿದರೆ ಕೂಡಲೇ ಎಚ್ಚರವಾಗುತ್ತದೆ. ಮುಂದೇನು ಮಾಡಬೇಕೆಂದು ಅಪ್ಪಣೆಯಾಗಬೇಕು."

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಒಂದೇ ಒಂದು ಕೊರತೆ ಇತ್ತು. ನಿದ್ದೆಗೆ ಜಾರುತ್ತಿರುವವರು ಯಾರು ಎಂಬುದನ್ನು ಅವರು ಬರೆದಿರಲಿಲ್ಲ. ಕೆಳಗೆ ಮಾತ್ರ "ಇಂತಿ ತಮ್ಮ ವಿಧೇಯ, ಮರುಳಪ್ಪ" ಎಂದು ದಪ್ಪಗೆ ಸಹಿ ಹಾಕಿದ್ದರು.

ಸಂಘದ ಅಧ್ಯಕ್ಷ ಸೋಮಶೇಖರಪ್ಪನವರು ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ಇಟ್ಟುಕೊಂಡಿದ್ದವರು. ಶಿಸ್ತಿನ ಮನುಷ್ಯ. ಗಿರಣಿಯಲ್ಲಿ ಯಾರಾದರೂ ಆಕಳಿಸಿದರೆ ಗೇಟಿನ ಹತ್ತಿರ ಕೂತವರಿಗೆ ಕೇಳಿಸುತ್ತದೆ ಎಂದು ಹೇಳಿಕೊಳ್ಳುತ್ತಿದ್ದರು. ವರದಿ ಓದಿದ ಅವರು ಮೂರು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡೇ ಗಿರಣಿ ಸುತ್ತಿದರಂತೆ. ನಾಲ್ಕನೇ ದಿನ ನೋಟೀಸು ಬರೆಸಿ, ಮೊಳಕಾಲ್ಮೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ಲಕೋಟೆಗೆ ಹಚ್ಚಿದ್ದ ಗೋಂದು ತಳಕು ಬರುವಷ್ಟರಲ್ಲಿ ಬಿಟ್ಟುಕೊಂಡಿತು. ಹಾನಗಲ್ಲಿನಲ್ಲಿ ಬಸ್ಸು ನಿಂತಾಗ, ಚಹಾಕ್ಕೆ ಇಳಿದ ಪ್ರಯಾಣಿಕರು ಮರುಳಪ್ಪನವರ ನಿದ್ದೆಯ ಬಗ್ಗೆ ಎರಡು ಪಕ್ಷವಾಗಿ ವಾದಿಸುತ್ತಿದ್ದರು.

ನೋಟೀಸು ಹೀಗಿತ್ತು: "ತಾವು ಇಪ್ಪತ್ತಾರು ದಿನ ಕಚೇರಿಯಲ್ಲಿ ನಿದ್ದೆ ಮಾಡಿರುವುದಲ್ಲದೆ, ಅದನ್ನು ಲಿಖಿತವಾಗಿ ಒಪ್ಪಿ, ತಮ್ಮನ್ನು ಮುಟ್ಟಿ ಅಲುಗಾಡಿಸಿ ಎಬ್ಬಿಸಲು ಸಂಘದ ವತಿಯಿಂದ ಆಳು ನೇಮಿಸಬೇಕೆಂಬ ಧಾಟಿಯಲ್ಲಿ ಅಪ್ಪಣೆ ಕೇಳಿರುವುದು ಸಂಘದ ಇತಿಹಾಸದಲ್ಲೇ ಮೊದಲು. ಏಳು ದಿನದಲ್ಲಿ ವಿವರಣೆ ನೀಡತಕ್ಕದ್ದು."

ಮರುಳಪ್ಪನವರು ನೋಟೀಸು ಓದಿ ನಕ್ಕರು. "ಅಧ್ಯಕ್ಷರಿಗೆ ಕಂಪ್ಯೂಟರ್ ಭಾಷೆ ತಿಳಿಯಲ್ಲ, ಪಾಪ," ಎಂದು ಮೂಗಮ್ಮನಿಗೆ ಹೇಳಿ, ಊಟಕ್ಕೆ ಮನೆಗೆ ಹೋದರು.

ಮನೆಯಲ್ಲಿ ನಗುವ ವಾತಾವರಣ ಇರಲಿಲ್ಲ. ದೇವಸಮುದ್ರದಿಂದ ಜಗದಾಂಬನ ತಮ್ಮ ಕೊಟ್ಟೂರಪ್ಪ ಬಂದು ಹಜಾರದಲ್ಲಿ ಕೂತಿದ್ದ. ಹಾನಗಲ್ಲಿನಲ್ಲಿ ಅದೇ ಬಸ್ಸು ಹತ್ತಿ ಬಂದವನಾದ್ದರಿಂದ ನೋಟೀಸು ಮರುಳಪ್ಪನವರಿಗಿಂತ ಮೊದಲೇ ಅವನಿಗೆ ಬಾಯಿಪಾಠವಾಗಿತ್ತು.

"ಭಾವ, ಎಷ್ಟು ದಿನದಿಂದ ಐತೆ ಇದು?" ಎಂದು ರೋಗಿಯನ್ನು ಕೇಳುವ ದನಿಯಲ್ಲಿ ಕೇಳಿದ.

"ಇಪ್ಪತ್ತಾರು ದಿನದಿಂದ. ಕಾರಣ ಕಂಡುಹಿಡಿದಿದ್ದೀನಿ, ಬಿಡು. ಹದಿನೈದು ನಿಮಿಷ ಯಾರೂ ಮುಟ್ಟದಿದ್ರೆ ನಿದ್ದೆ ಬರ್ತೈತೆ."

ಜಗದಾಂಬ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದರು. "ಯಾರು ಮುಟ್ಟದಿದ್ರೆ?"

"ಯಾರು ಮುಟ್ಟಿದ್ರೂ ಆಗ್ತೈತೆ ಕಣೆ. ಮೂಗಮ್ಮ ಮುಟ್ಟಿದ್ರೂ ಏಳ್ತೈತೆ."

ಜಗದಾಂಬ ಸೌಟನ್ನು ಮೇಜಿನ ಮೇಲೆ ಇಟ್ಟರು. ಕೊಟ್ಟೂರಪ್ಪ ಮುಖ ತಿರುಗಿಸಿ ಪ್ರಮಾಣಪತ್ರವನ್ನು ಓದತೊಡಗಿದ.

"ಮೂವತ್ತು ವರ್ಷ ಇವರನ್ನ ನಾನು ಕೂಗಿ ಎಬ್ಬಿಸಿದ್ದೀನಿ," ಎಂದರು ಜಗದಾಂಬ ತಮ್ಮನಿಗೆ. "ಆಫೀಸಿನಾಗೆ ಮುಟ್ಟಿ ಎಬ್ಬಿಸ್ಬೇಕಂತೆ."

"ನನ್ನನ್ನಲ್ಲ ಕಣೆ, ಕಂಪ್ಯೂಟರನ್ನ!"

"ಕಂಪ್ಯೂಟರ್ ಯಾಕ್ರೀ ಮಲಗ್ತೈತೆ? ಅದೇನು ಹೊಲ ಉತ್ತು ಬಂದೈತಾ?"

ಮರುಳಪ್ಪನವರು ಬಾಯಿ ತೆರೆದು ವಿವರಿಸಲು ಹೊರಟಾಗ ಒಂದು ಆಕಳಿಕೆ ಬಂದುಬಿಟ್ಟಿತು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಹತ್ತು ನಿಮಿಷದಲ್ಲಿ ಕೊಟ್ಟೂರಪ್ಪ ತನ್ನ ಚೀಲದಿಂದ ಕರಿಮೆಣಸು, ಶುಂಠಿ, ಇನ್ನೇನೋ ಕಪ್ಪು ಬೇರು ತೆಗೆದು ಕುದಿಸಿ, ಒಂದು ಲೋಟ ಕಷಾಯ ಕುಡಿಸಿಯೇಬಿಟ್ಟ. ಅದನ್ನು ಕುಡಿದ ಮೇಲೆ ಮರುಳಪ್ಪನವರಿಗೆ ಎರಡು ದಿನ ಕಣ್ಣು ಮುಚ್ಚಲು ಸಾಧ್ಯವಾಗಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಲೇಬೇಕು.

ಮಾತಿನಿಂದ ಪ್ರಯೋಜನವಿಲ್ಲ, ಕೆಲಸ ಆಗಿಸಿಯೇ ತೋರಿಸಬೇಕು ಎಂದು ಅವರು ನಿರ್ಧರಿಸಿದರು. ಮೊದಲು ಆ ಹದಿನೈದು ನಿಮಿಷವನ್ನೇ ಬದಲಾಯಿಸಲು ಹೋದರು. ಪರದೆಯ ಮೇಲೆ ಅದರ ಕಿಟಕಿ ತೆರೆಯಿತು. ಆದರೆ ಬದಲಾಯಿಸಲು ನಿಮಗೆ ಅಧಿಕಾರವಿಲ್ಲ ಎಂದು ಹೇಳಿ ಮುಚ್ಚಿಕೊಂಡಿತು. ಅಧಿಕಾರದ ಗುಪ್ತಪದ ಮಲ್ಲಿಕನ ಹತ್ತಿರ ಇತ್ತು. ಮರುಳಪ್ಪನವರಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಮಲಗಲು ಬಿಡದಿದ್ದರಾಯಿತಲ್ಲ?

ಮರುದಿನ ಅವರು ಊಟಕ್ಕೆ ಹೋಗಲಿಲ್ಲ. ಒಂದು ಗಂಟೆಯಿಂದ ಕಂಪ್ಯೂಟರಿನ ಮುಂದೆ ಕೂತು, ತೊಟ್ಟಿಲು ತೂಗುವವರಂತೆ ಮೌಸನ್ನು ಅತ್ತಿಂದಿತ್ತ ಆಡಿಸುತ್ತಲೇ ಇದ್ದರು. ಒಂದೂವರೆ ಆಯಿತು. ಒಂದೂ ಮೂವತ್ತೈದಾಯಿತು. ಯಂತ್ರ ಎಚ್ಚರವಾಗಿಯೇ ಇತ್ತು, ಕೆಲಸ ಮಾತ್ರ ಮಾಡಲಿಲ್ಲ.

"ಎದ್ದೇ ಐತಲ್ಲ ಸಾಮಿ, ಮತ್ಯಾಕೆ ಮಾಡವಲ್ದು?" ಎಂದಳು ಮೂಗಮ್ಮ.

ಮರುಳಪ್ಪನವರು ಪಟ್ಟಿಯನ್ನು ತೆರೆದು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಮಲ್ಲಿಕ್ ಹಾಕಿದ್ದ ಕರಾರುಗಳನ್ನು ಒಂದೊಂದಾಗಿ ಓದಿದರು. ಒಂದು ಕರಾರು ಹೀಗಿತ್ತು: ಕಂಪ್ಯೂಟರನ್ನು ಹತ್ತು ನಿಮಿಷ ಯಾರೂ ಮುಟ್ಟದೆ ಇದ್ದರೆ ಮಾತ್ರ ಕೆಲಸ ಶುರು ಮಾಡತಕ್ಕದ್ದು. ಅದರ ಕೆಳಗೇ ಇನ್ನೊಂದು: ನಡುವೆ ಯಾರಾದರೂ ಮುಟ್ಟಿದರೆ ಕೆಲಸ ನಿಲ್ಲಿಸತಕ್ಕದ್ದು.

"ನೋಡು ಮೂಗಮ್ಮ," ಎಂದು ಅವರು ಎದ್ದು ನಿಂತು, ಕೋರ್ಟಿನಲ್ಲಿ ವಾದ ಮಂಡಿಸುವವರಂತೆ ಹೇಳಿದರು. "ಮುಟ್ಟಿದ್ರೆ ಕೆಲಸ ಮಾಡಲ್ಲ. ಮುಟ್ಟದಿದ್ರೆ ಮಲಗಿಬಿಡ್ತೈತೆ."

"ನಮ್ಮನೆಯವ್ರೂ ಹಂಗೇ ಸಾಮಿ," ಎಂದಳು ಮೂಗಮ್ಮ, ಕಸಬರಿಕೆ ಎತ್ತಿಕೊಂಡು ಹೋಗುತ್ತಾ.

ಆದರೆ ಮರುಳಪ್ಪನವರು ಸೋಲುವ ಪೈಕಿ ಅಲ್ಲ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದರು. ಹತ್ತು ನಿಮಿಷ ಸುಮ್ಮನಿರಬೇಕು, ಹದಿನೈದಕ್ಕೆ ನಿದ್ದೆ. ಅಂದರೆ ಒಂದು ಗಂಟೆ ಹದಿನೆಂಟು ನಿಮಿಷಕ್ಕೆ ಕೊನೆಯ ಸಲ ಮುಟ್ಟಿ ಕೈ ತೆಗೆದರೆ, ಇಪ್ಪತ್ತೆಂಟಕ್ಕೆ ಹತ್ತು ನಿಮಿಷ ತುಂಬುತ್ತದೆ, ಮೂವತ್ತಕ್ಕೆ ಕೆಲಸ ಶುರುವಾಗುತ್ತದೆ. ಮೂವತ್ತಮೂರಕ್ಕೆ ನಿದ್ದೆ ಬರಬೇಕು, ಆದರೆ ಕೆಲಸಕ್ಕೆ ಹತ್ತಿದ ಯಂತ್ರ ಮಲಗುವುದಿಲ್ಲ. ಪಂಚಾಂಗ ನೋಡಿ ತಾಳಿ ಕಟ್ಟಿಸುವವರೂ ಇಷ್ಟು ಕರಾರುವಾಕ್ಕಾಗಿ ಮುಹೂರ್ತ ಇಡಲಾರರು!

ಮರುದಿನ ಒಂದು ಹದಿನೆಂಟಕ್ಕೆ ಕೈ ತೆಗೆದು, ಕೈಕಟ್ಟಿ ದೂರ ನಿಂತರು. ಒಂದೂವರೆ ಆಯಿತು. ಏನೂ ಆಗಲಿಲ್ಲ.

ಅವರು ಬೆವರು ಒರೆಸಿಕೊಂಡರು. ಆಗಲೇ ಅವರಿಗೆ ಹೊಳೆದದ್ದು, ಬೆವರು ಯಾಕೆ ಬರುತ್ತಿದೆ? ಫ್ಯಾನು ನಿಂತಿತ್ತು. ಆ ತಿಂಗಳುಗಳಲ್ಲಿ ಮೊಳಕಾಲ್ಮೂರಿನಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಕರೆಂಟ್ ತೆಗೆಯುತ್ತಿದ್ದರು. ಕಂಪ್ಯೂಟರ್ ಮಾತ್ರ ಮೇಜಿನ ಕೆಳಗಿನ ಯುಪಿಎಸ್‌ನ ಬ್ಯಾಟರಿ ಮೇಲೆ ಮುಕ್ಕಾಲು ಗಂಟೆ ನಡೆಯುತ್ತಿತ್ತು. ನಿಘಂಟು ಮತ್ತೆ ತೆರೆಯಿತು. ಮೂರನೇ ಕರಾರು ಸಿಕ್ಕಿತು: ಬ್ಯಾಟರಿ ಮೇಲೆ ಇರುವಾಗ ಕೆಲಸ ಶುರು ಮಾಡಕೂಡದು.

ಈ ಕರಾರಿನ ಮುಂದಿದ್ದ ಸರಿ ಗುರುತನ್ನು ತೆಗೆಯಲು ಯಾವ ಅಧಿಕಾರವೂ ಬೇಕಾಗಲಿಲ್ಲ. ಮರುಳಪ್ಪನವರು ಅದರ ಮೇಲೆ ಒತ್ತಿದರು, ಗುರುತು ಮಾಯವಾಯಿತು. ಮುಟ್ಟಬಾರದೆಂಬ ಕರಾರನ್ನು ಮಾತ್ರ ಅವರು ಹಾಗೇ ಉಳಿಸಿದರು. ಮುಟ್ಟಲೂ ಬೇಡ್ರಿ ಎಂದು ಮಲ್ಲಿಕ್ ಅಷ್ಟು ಗಟ್ಟಿಯಾಗಿ ಹೇಳಿದ್ದನಲ್ಲ.

"ನಾಳೆ ನೋಡು," ಎಂದರು ಮೂಗಮ್ಮನಿಗೆ.

ಆ ನಾಳೆಯ ಬೆಳಗ್ಗೆ ಗಾದ್ರಪ್ಪ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಒಳಗೆ ಬರದೆ ಅಲ್ಲೇ ನಿಂತ. ಕೈಯಲ್ಲಿ ಒಂದು ಹಿಡಿ ಮಣ್ಣಿನಂಥ ಪುಡಿ ಇತ್ತು.

"ಅಂತಾ ಪೋಯಿಂದಿ ಮರುಳಪ್ಪನೋರೆ," ಎಂದ. ದುಃಖ ಬಂದಾಗ ಅವನಿಗೆ ತೆಲುಗೇ ಬರುತ್ತಿತ್ತು. "ಎಲ್ಲಾ ಹೋತು. ಟ್ರಂಕಿಗೆ ತಳದಿಂದ ಗೆದ್ದಲು ಹತ್ತೈತೆ. ನಮ್ಮಪ್ಪನ ಕಾಗದ ಒಂದೂ ಉಳಿದಿಲ್ಲ."

ಮರುಳಪ್ಪನವರು ಅವನನ್ನು ಕೂರಿಸಿ ನೀರು ಕೊಡಿಸಿದರು. "ಚಿಂತೆ ಯಾಕೆ? ಎಲ್ಲಾ ಇದರಾಗೆ ಐತೆ," ಎಂದು ಕಂಪ್ಯೂಟರಿನ ನೆತ್ತಿ ತಟ್ಟಿದರು. ಒಳಗಿನಿಂದ ಕಟ ಕಟ ಎಂದು ಸದ್ದು ಬಂತು. ಹತ್ತು ದಿನದಿಂದ ಆಗಾಗ ಬರುತ್ತಿದ್ದ ಸದ್ದೇ ಅದು. ಡಿಸ್ಕು ಹಾಗೆ ಸದ್ದು ಮಾಡಿದರೆ ಅದರ ಆಯಸ್ಸು ಮುಗಿಯಿತೆಂದೇ ಅರ್ಥ ಎಂಬ ಪಾಠವೂ ಚಳ್ಳಕೆರೆಯಲ್ಲಿ ಆಗಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ಒಂದು ಗಿಣಿಯೂ ಇಲ್ಲ, ಒಂದು ದಾಳಿಂಬೆಯೂ ಇಲ್ಲ. ಮರುಳಪ್ಪನವರು ತಟ್ಟುವುದನ್ನು ನಿಲ್ಲಿಸಿ, ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

ಸರಿಯಾಗಿ ಆಗಲೇ ಫೋನ್ ರಿಂಗಾಯಿತು. ಸೋಮಶೇಖರಪ್ಪನವರು.

"ರೀ ಮರುಳಪ್ಪ, ನಾಲ್ಕು ದಿನ ಆತು, ಎಲ್ಲಿ ವಿವರಣೆ? ನಾನೇ ಬರ್ತಾ ಇದ್ದೀನಿ. ಒಂದೂವರೆಗೆ ನಿಮ್ಮ ಮುಂದೇನೇ ಕೂತ್ಕೋತೀನಿ. ಯಾರು ಮಲಗ್ತಾರೆ, ಯಾರು ಏಳ್ತಾರೆ, ಕಣ್ಣಾರೆ ನೋಡೇಬಿಡ್ತೀನಿ."

"ಬರ್ರಿ ಸಾರ್, ಬಹಳ ಸಂತೋಷ. ಊಟ ನಮ್ಮನೆಯಾಗೆ," ಎಂದರು ಮರುಳಪ್ಪನವರು.

ಜಗದಾಂಬನಿಗೆ ಗಂಡನ ಮೇಲೆ ಸಿಟ್ಟಿದ್ದರೂ ಕೆಲಸದ ಮೇಲೆ ಸಿಟ್ಟಿರಲಿಲ್ಲ. ಹನ್ನೆರಡು ಗಂಟೆಗೆ ಕಾರು ಬಂದು ನಿಂತಾಗ ಎಲೆಯ ಮೇಲೆ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಚಿತ್ರಾನ್ನ, ಗಟ್ಟಿ ಮೊಸರು ಎಲ್ಲ ಇದ್ದವು. ಅಧ್ಯಕ್ಷರು ಎರಡನೇ ಹೋಳಿಗೆಗೆ ಬೇಡ ಎಂದರು, ಮೂರನೆಯದಕ್ಕೆ ಸಾಕು ಎಂದರು, ನಾಲ್ಕನೆಯದಕ್ಕೆ ಸುಮ್ಮನಿದ್ದರು, ಐದನೆಯದಕ್ಕೆ ತುಪ್ಪ ಕೇಳಿದರು. ಆಮೇಲೆ ಎರಡು ಲೋಟ ಮಜ್ಜಿಗೆ ಕುಡಿದು, "ನಡೀರಿ, ನಿಮ್ಮ ನಿದ್ದೆ ನೋಡೋಣ," ಎಂದು ಎದ್ದರು.

ಒಂದು ಗಂಟೆ ಐದು ನಿಮಿಷಕ್ಕೆ ಅವರು ಕಂಪ್ಯೂಟರಿನ ಎದುರಿಗಿದ್ದ ಏಕೈಕ ಕುರ್ಚಿಯಲ್ಲಿ ಕೂತರು. ಕರೆಂಟ್ ಆಗಲೇ ಹೋಗಿತ್ತು. ಮೂಗಮ್ಮ ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಅವರಿಗೆ ಗಾಳಿ ಹಾಕುತ್ತಿದ್ದಳು. ಗಾದ್ರಪ್ಪ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮರುಳಪ್ಪನವರು ಪಕ್ಕದಲ್ಲಿ ನಿಂತು ಎಲ್ಲವನ್ನೂ ವಿವರಿಸಿದರು. ಅಧ್ಯಕ್ಷರು ಹೂಂ ಹೂಂ ಎನ್ನುತ್ತಾ ಮೌಸ್ ಹಿಡಿದು, ಬಾಣದ ಗುರುತನ್ನು ಪರದೆಯ ತುಂಬ ಓಡಿಸುತ್ತಿದ್ದರು.

"ಸಾರ್, ಒಂದು ಹದಿನೆಂಟಕ್ಕೆ ಕೈ ತೆಗೀಬೇಕು."

"ತೆಗೀತೀನಿ, ತೆಗೀತೀನಿ. ಎಲ್ಲಿ ಮಲಗ್ತೈತೆ ಇದು? ಚುರುಕಾಗೇ ಐತಲ್ರಿ."

ಒಂದು ಹನ್ನೆರಡಕ್ಕೆ ಅವರ ಹೂಂಕಾರದ ಬದಲು ಬರಿಯ ಉಸಿರು ಬಂತು. ಹದಿನಾಲ್ಕಕ್ಕೆ ಗಲ್ಲ ಎದೆಗೆ ತಾಗಿತು. ಹದಿನಾರಕ್ಕೆ, ಆಕಳಿಕೆ ಕಂಡರೆ ಆಗದ ಶಿಸ್ತಿನ ಮನುಷ್ಯರಾದ ಸೋಮಶೇಖರಪ್ಪನವರು, ಐದು ಹೋಳಿಗೆಯ ಭಾರಕ್ಕೆ ತಲೆಬಾಗಿ, ಗಿರಣಿಯ ಎಂಜಿನ್ನಿನಂತೆ ಗೊರಕೆ ಹೊಡೆಯತೊಡಗಿದರು.

ಮರುಳಪ್ಪನವರಿಗೆ ಮೊದಲು ಸಂತೋಷವಾಯಿತು. ಮರುಕ್ಷಣ ಅವರ ಕಣ್ಣು ಅಧ್ಯಕ್ಷರ ಬಲಗೈ ಮೇಲೆ ಬಿತ್ತು. ಕೈ ಇನ್ನೂ ಮೌಸಿನ ಮೇಲೇ ಇತ್ತು! ಪ್ರತಿ ಗೊರಕೆಗೂ ಅಂಗೈ ಒಂದಿಷ್ಟು ಜರುಗುತ್ತಿತ್ತು, ಪರದೆಯ ಮೇಲೆ ಬಾಣ ನಡುಗುತ್ತಿತ್ತು. ಗಡಿಯಾರ ಒಂದು ಹದಿನೆಂಟು ತೋರಿಸುತ್ತಿತ್ತು. ಇಪ್ಪತ್ತರೊಳಗೆ ಮೌಸ್ ಸುಮ್ಮನಾಗದಿದ್ದರೆ ಒಂದೂವರೆಗೆ ಹತ್ತು ನಿಮಿಷ ತುಂಬುವುದಿಲ್ಲ. ಕಂಪ್ಯೂಟರಿನ ಒಳಗಿಂದ ಮತ್ತೆ ಕಟ ಕಟ ಎಂದಿತು.

"ಎಬ್ಬಿಸ್ಲಾ?" ಎಂದು ಮೂಗಮ್ಮ ಪಿಸುಗುಟ್ಟಿದಳು.

"ಬೇಡ! ಎದ್ರೆ ಮತ್ತೆ ಆಡಿಸ್ತಾರೆ." ಮರುಳಪ್ಪನವರು ಸುತ್ತ ನೋಡಿದರು. ಕಪಾಟಿನಲ್ಲಿ ಮಾದರಿಗೆಂದು ಇಟ್ಟಿದ್ದ ರೇಷ್ಮೆ ನೂಲಿನ ಉಂಡೆಗಳಿದ್ದವು. ಅವುಗಳಲ್ಲಿ ಒಂದನ್ನು ಆರಿಸಿ ಗಾದ್ರಪ್ಪನ ಕೈಗಿಟ್ಟರು. "ಅದನ್ನ ತೆಗೆದು ಇದನ್ನ ಇಡಬೇಕು. ಆಗ್ತೈತಾ?"

ಗಾದ್ರಪ್ಪ ಎದ್ದು ಕೈ ಒರೆಸಿಕೊಂಡ. ಐವತ್ತು ವರ್ಷ ಮಗ್ಗದ ಮೇಲೆ ಕೂದಲಿನಂಥ ಎಳೆಗಳನ್ನು ತುಂಡಾಗದಂತೆ ಬಿಡಿಸಿದ ಬೆರಳುಗಳವು. ಅಧ್ಯಕ್ಷರ ಕಿರುಬೆರಳನ್ನು ಎತ್ತಿದ. ಗೊರಕೆ ನಿಂತಿತು. ಮೂವರೂ ಉಸಿರು ಹಿಡಿದರು. ಗೊರಕೆ ಮತ್ತೆ ಶುರುವಾಯಿತು. ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದೊಂದಾಗಿ ಎದ್ದವು. ಮೌಸನ್ನು ನೇರ ಮೇಲಕ್ಕೆತ್ತಿ, ಅದೇ ಉಸಿರಿನಲ್ಲಿ ನೂಲಿನ ಉಂಡೆಯನ್ನು ಒಳಗೆ ಜಾರಿಸಿದ. ಅಧ್ಯಕ್ಷರ ಅಂಗೈ ಅದನ್ನು ಮಗುವಿನ ತಲೆ ಹಿಡಿದಂತೆ ಹಿಡಿದುಕೊಂಡಿತು. ಗಡಿಯಾರದಲ್ಲಿ ಒಂದು ಹತ್ತೊಂಬತ್ತು.

ಮೌಸನ್ನು ಮೇಜಿನ ಮೇಲಿಟ್ಟರೆ ಯಾರ ಕೈಯಾದರೂ ತಾಗೀತು ಎಂದು ಮರುಳಪ್ಪನವರು ಅದನ್ನು ಬಾಲ ಹಿಡಿದು, ಕುರ್ಚಿಯ ಹಿಂದೆ ನೇತಾಡಿಸಿಕೊಂಡು ನಿಂತರು. ತೋಳು ಸೋಲುತ್ತಿತ್ತು. ಮೂಗಿನ ತುದಿಯಲ್ಲಿ ಒಂದು ನೊಣ ಕೂತಿತು. ಅದನ್ನೂ ಅವರು ಓಡಿಸಲಿಲ್ಲ.

ಒಂದು ಗಂಟೆ ಮೂವತ್ತು ನಿಮಿಷ. ಪರದೆಯ ಮೇಲೆ ತಟ್ಟನೆ ಒಂದು ಕಪ್ಪು ಕಿಟಕಿ ತೆರೆದುಕೊಂಡಿತು. ಅದರೊಳಗೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಮೇಲಕ್ಕೆ ಓಡತೊಡಗಿದವು.

"ಏನದು?" ಎಂದು ಗಾದ್ರಪ್ಪ ಕಿವಿಯಲ್ಲಿ ಕೇಳಿದ.

"ನಿಮ್ಮಪ್ಪನ ಗಿಣಿಗಳು," ಎಂದರು ಮರುಳಪ್ಪನವರು. "ಗೂಡು ಬದಲಾಯಿಸ್ತಾ ಇದಾವೆ."

ಗಾದ್ರಪ್ಪ ತನಗೆ ಓದಲು ಬಾರದಿದ್ದರೂ ಒಂದೊಂದು ಸಾಲನ್ನೂ ಕಣ್ಣಿನಿಂದಲೇ ಸಾಗಹಾಕುತ್ತಾ ನಿಂತ. ನೂರು ದಾಟಿತು, ಇನ್ನೂರು ದಾಟಿತು. ಒಂದು ನಲವತ್ತಕ್ಕೆ ಮೇಜಿನ ಕೆಳಗೆ ಯುಪಿಎಸ್ ಬ್ಯಾಟರಿ ಮುಗಿಯುತ್ತಾ ಬಂತೆಂದು ಕೀಂ ಕೀಂ ಎಂದು ಕೂಗತೊಡಗಿತು. ಮೂಗಮ್ಮ ಓಡಿ ಹೋಗಿ ಅದರ ಮೇಲೆ ತನ್ನ ಸೆರಗಿನ ಜೊತೆಗೆ ಎರಡು ಕಾಲೊರಸನ್ನೂ ಒತ್ತಿ ಹಿಡಿದಳು. ಆದರೂ ಸದ್ದು ಮುಟ್ಟಬೇಕಾದ ಕಡೆ ಮುಟ್ಟಿತು. ಅಧ್ಯಕ್ಷರು ಬೆಚ್ಚಿ ಕಣ್ಣು ತೆರೆದರು.

ತೆರೆದವರು ತಾವು ಮಲಗಿಯೇ ಇರಲಿಲ್ಲ ಎಂಬಂತೆ ಕೂಡಲೇ ಗಂಭೀರರಾಗಿ, ಕೈಯಲ್ಲಿದ್ದ ನೂಲಿನ ಉಂಡೆಯನ್ನು ಮೇಜಿನ ಮೇಲೆ ಅತ್ತ ಇತ್ತ ಉಜ್ಜಿದರು. ಒಮ್ಮೆ ಒತ್ತಿಯೂ ನೋಡಿದರು.

"ಇದೇನ್ರೀ, ಬಾಣ ಅಲುಗವಲ್ದು?"

"ಕೆಲಸಕ್ಕೆ ಕೂತ ಮೇಲೆ ಅದು ಯಾರ ಮಾತೂ ಕೇಳಲ್ಲ ಸಾರ್. ಅಧ್ಯಕ್ಷರು ಹೇಳಿದ್ರೂ ಅಷ್ಟೇ," ಎಂದರು ಮರುಳಪ್ಪನವರು, ಮೌಸನ್ನು ಕುರ್ಚಿಯ ಹಿಂದೆ ಇನ್ನೊಂದು ಗೇಣು ಕೆಳಗಿಳಿಸುತ್ತಾ.

ಅಧ್ಯಕ್ಷರಿಗೆ ಈ ಉತ್ತರ ಬಹಳ ಮೆಚ್ಚುಗೆಯಾಯಿತು. "ಹಂಗಿರಬೇಕು! ಗಿರಣಿಯಾಗೆ ನಾನು ಇದನ್ನೇ ಬಡಕೊಳ್ಳೋದು," ಎಂದು ಉಂಡೆಯನ್ನು ಇನ್ನೂ ಎರಡು ಸಲ ಉಜ್ಜಿದರು. ಅಷ್ಟರಲ್ಲಿ ಸಾಲುಗಳು ನಿಂತವು. ಮುನ್ನೂರ ನಲವತ್ತು ನಕಲಾದವು ಎಂದು ಕೊನೆಯ ಸಾಲು ಹೇಳಿತು. ಮುಂದಿನ ನಿಮಿಷದಲ್ಲಿ ಯುಪಿಎಸ್ ಉಸಿರು ಬಿಟ್ಟಿತು. ಕೋಣೆಯೆಲ್ಲ ನಿಶ್ಶಬ್ದವಾಯಿತು.

ಸೋಮಶೇಖರಪ್ಪನವರು ಎದ್ದು ಶಲ್ಯ ಕೊಡವಿಕೊಂಡರು. ಆಗ ಉಂಡೆಯ ನೂಲು ಅವರ ಉಂಗುರಕ್ಕೆ ಸಿಕ್ಕಿಕೊಂಡು ಉದ್ದಕ್ಕೆ ಬಂತು. ಅವರು ನೂಲು ನೋಡಿದರು, ಉಂಡೆ ನೋಡಿದರು. ಆಮೇಲೆ ಕುರ್ಚಿಯ ಹಿಂದೆ ಮರುಳಪ್ಪನವರ ಕೈಯಲ್ಲಿ ನೇತಾಡುತ್ತಿದ್ದುದನ್ನು ನೋಡಿದರು. ಕೊನೆಗೆ ಮೂವರ ಮುಖಗಳನ್ನೂ ನೋಡಿದರು. ಮೂವರ ಮುಖದಲ್ಲೂ ಅಪಾರ ಗೌರವವಲ್ಲದೆ ಬೇರೇನೂ ಇರಲಿಲ್ಲ.

"ಕಣ್ಮುಚ್ಚಿ ಯೋಚನೆ ಮಾಡ್ತಿದ್ದೆ," ಎಂದರು.

"ಗೊತ್ತು ಸಾರ್," ಎಂದರು ಮರುಳಪ್ಪನವರು.

"ಆ ನೋಟೀಸು... ಅದನ್ನ ಹರಿದು ಹಾಕ್ರಿ. ವಿವರಣೆ ಏನೂ ಬ್ಯಾಡ. ಏನೂ ಬರೀಬ್ಯಾಡ್ರಿ ಅಂದೆ, ಗೊತ್ತಾತಾ? ಒಂದಕ್ಷರ ಬರೀಬ್ಯಾಡ್ರಿ."

ಕಾರು ಹೋಯಿತು. ಮೂರು ಗಂಟೆಗೆ ಕರೆಂಟ್ ಬಂದಾಗ ಮರುಳಪ್ಪನವರು ಗಾದ್ರಪ್ಪನಿಗೆ ಗಿಣಿ ಅಂಚನ್ನು ಅಚ್ಚು ಹಾಕಿ ಕೊಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದು, ಒಂದು ಚೌಕುಳಿಯ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮಪ್ಪ ಒಂದು ಮನೆ ತಪ್ಪು ಬರೆದಿದ್ದ. ಅದೂ ಬಂದೈತೆ," ಎಂದ. ಆಮೇಲೆ ಆ ಹಾಳೆಯನ್ನು ಎದೆಗವಚಿಕೊಂಡು ಮನೆಗೆ ನಡೆದ. ಸಂಜೆ ಮೂಗಮ್ಮ ತಾನೇ ಮರುಳಪ್ಪನವರ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದ ಮೇಲೆ ಜಗದಾಂಬ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಉಳಿದಿದ್ದ ಎರಡು ಹೋಳಿಗೆ ಗಂಡನ ಎಲೆಗೆ ಬಿದ್ದವು.

ನಾಲ್ಕನೇ ದಿನ ಕಟ ಕಟ ಸದ್ದು ಪೂರಾ ನಿಂತುಹೋಯಿತು. ಡಿಸ್ಕು ಸತ್ತಿತ್ತು. ಮಲ್ಲಿಕ್ ಚಳ್ಳಕೆರೆಯಿಂದ ಹೊಸ ಡಿಸ್ಕು ತಂದು ಕೂರಿಸಿ, ಪಕ್ಕದ ಪೆಟ್ಟಿಗೆಯಿಂದ ಮುನ್ನೂರ ನಲವತ್ತು ಅಂಚುಗಳನ್ನೂ ವಾಪಸು ತುಂಬಿದ. ಆಮೇಲೆ ನಕಲಿನ ಕೆಲಸವನ್ನೂ ಮತ್ತೆ ಹೊಂದಿಸಿ, ಆ ಪೆಟ್ಟಿಗೆಯಲ್ಲಿ ಉಳಿದಿದ್ದ ಅದರ ದಿನಚರಿಯನ್ನು ನೋಡಿ ಹುಬ್ಬೇರಿಸಿದ.

"ಸಾರ್, ಇಷ್ಟು ದಿನದಾಗೆ ಒಂದೇ ಸಲ ನಡೆದೈತಲ್ಲ! ಅದೂ ಬ್ಯಾಟರಿ ಮೇಲೆ. ಹೆಂಗೆ ಮಾಡಿದ್ರಿ?"

ಮರುಳಪ್ಪನವರು ಕುರ್ಚಿಗೊರಗಿ, ಹದಿನೆಂಟನೇ ನಿಮಿಷದಿಂದ ಹಿಡಿದು ನೂಲಿನ ಉಂಡೆಯವರೆಗೆ ಎಲ್ಲವನ್ನೂ ಸಾವಕಾಶವಾಗಿ ಹೇಳಿದರು. ಮಲ್ಲಿಕ್ ಬಾಯಿ ತೆರೆದು ಕೇಳಿದ. ಕೇಳಿ ಮುಗಿದ ಮೇಲೆ, ಹೇಳಲೋ ಬೇಡವೋ ಎಂಬಂತೆ, ಆ ಕೆಲಸದ ಹೆಸರಿನ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿದ. ಒಂದು ಸಣ್ಣ ಪಟ್ಟಿ ಇಳಿಯಿತು.

"ಸಾರ್... ಇಲ್ಲಿ ಮೊದಲ್ನೇದು 'ರನ್' ಅಂತ ಐತಲ್ಲ, ಅದನ್ನ ಒತ್ತಿದ್ರೆ ಯಾವಾಗ ಬೇಕಾದ್ರೂ ನಡೀತಿತ್ತು. ಮುಹೂರ್ತ ಬೇಕಿರಲಿಲ್ಲ."

ಮೂಗಮ್ಮನ ಕೈಯಲ್ಲಿದ್ದ ಕಸಬರಿಕೆ ನಿಂತಿತು. ಮರುಳಪ್ಪನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಅದು ಗೊತ್ತಿಲ್ಲ ಅಂದ್ಕೊಂಡ್ಯೇನಪ್ಪ?" ಎಂದರು. "ಆದ್ರೆ ಯಾರನ್ನೂ ಬಲವಂತ ಮಾಡಿ ಕೆಲಸ ತಗೊಳ್ಳೋ ಪದ್ಧತಿ ನಮ್ಮ ಸಂಘದಾಗೆ ಇಲ್ಲ."